ಗೆಣಸಿಯ ತೊಗಲು ಮೊಟ್ಟೆ

ಚಿಕ್ಕತಾಯಮ್ಮನ ಹಿತ್ತಲಿನಲ್ಲಿ ಗೆಣಸಿನ ಬಣ್ಣದ ಒಂದು ನಾಟಿ ಹೇಟೆ ಕೋಳಿ ಇತ್ತು. ಹೆಸರೂ ಗೆಣಸಿ. ಮಗಳು ಪ್ರಮೀಳಾ ಹೆರಿಗೆಗೆಂದು ತವರಿಗೆ ಬಂದಿದ್ದಳು. ಬಸುರಿ ಬಾಣಂತಿಗೆ ನಾಟಿ ಮೊಟ್ಟೆ ಬೇಕಲ್ಲ, ಹಾಗಾಗಿ ಆ ಮನೆಯಲ್ಲಿ ಗೆಣಸಿಗೆ ಅಳಿಯನಿಗಿಂತ ಒಂದು ಕೈ ಹೆಚ್ಚೇ ಉಪಚಾರ.

ಹೋದ ವರ್ಷ ಪ್ರಮೀಳಾಗೆ ಮೂರನೇ ತಿಂಗಳಿಗೇ ಬಸಿರು ಇಳಿದುಹೋಗಿತ್ತು. ಈ ಸಲ ಏಳು ತುಂಬಿದೆ. ಆ ಮನೆಯವರು ಜೋರಾಗಿ ಉಸಿರು ಬಿಡಲೂ ಹೆದರುತ್ತಿದ್ದರು.

ಸೀಮಂತಕ್ಕೆ ನೆಂಟರು ಬರುತ್ತಾರೆಂದು ಚಿಕ್ಕತಾಯಮ್ಮ ಮನೆಯನ್ನೆಲ್ಲ ಉಜ್ಜಿ ತೊಳೆದಿದ್ದಳು. ಹಿತ್ತಲ ಜಗಲಿಯ ಮರದ ಕಂಬಕ್ಕೆ ಹಸಿರು ಪೇಂಟು ಹೊಡೆಸಿದ್ದಳು. ಆ ಕಂಬ ಅವಳ ಅತ್ತೆ ಬೋರಜ್ಜಿಯ ಜಾಗ. ಅಜ್ಜಿ ಅದಕ್ಕೆ ಒರಗಿ ಕೂತು ಎಲೆ ಅಡಿಕೆ ಹಾಕುವುದು, ಬೆರಳಿಗೆ ಮಿಕ್ಕ ಸುಣ್ಣವನ್ನು ಕಂಬಕ್ಕೆ ಒರೆಸುವುದು, ನಲವತ್ತು ವರ್ಷದ ಅಭ್ಯಾಸ.

"ಅತ್ತೆ, ಇನ್ಮೇಲೆ ಕಂಬಕ್ಕೆ ಒರೆಸ್ಬೇಡಿ. ನೋಡ್ದೋರು ಏನಂತಾರೆ?" ಎಂದಳು ಸೊಸೆ.

"ಆಗ್ಲಿ ಕಣವ್ವ" ಎಂದು ಅಜ್ಜಿ ಬೆರಳನ್ನು ಸುಣ್ಣದ ಡಬ್ಬಿಯ ಮುಚ್ಚಳಕ್ಕೇ ಒರೆಸತೊಡಗಿದಳು. ಮುಖ ಸ್ವಲ್ಪ ಸಣ್ಣದಾಯಿತು. ಯಾರೂ ಗಮನಿಸಲಿಲ್ಲ.

ಇದಾಗಿ ತಿಂಗಳಿಗೆ, ಒಂದು ಬೆಳಿಗ್ಗೆ ಚಿಕ್ಕತಾಯಮ್ಮ ಕೋಳಿಯ ಬುಟ್ಟಿಗೆ ಕೈ ಹಾಕಿದಳು. ಬೆರಳು ತಾಕಿದ ಕಡೆ ಮೊಟ್ಟೆ ಮೆತ್ತಗೆ ತಗ್ಗಿತು. ಚಿಪ್ಪೇ ಇಲ್ಲ, ಬರೀ ತೊಗಲು. ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ತಿಪ್ಪೆಯಲ್ಲಿ ಹೂತು ಬಂದಳು. ಮುಂದಿನ ಮೊಟ್ಟೆ ಹಿಡಿದ ಕೂಡಲೇ ಒಡೆಯಿತು. ಅದರ ಮುಂದಿನದು ಮತ್ತೆ ತೊಗಲು. ಮಗಳ ಕಣ್ಣಿಗೆ ಬೀಳಬಾರದೆಂದು ದಿನವೂ ಮಗಳಿಗಿಂತ ಮೊದಲೇ ಎದ್ದು ಬುಟ್ಟಿಯ ಹತ್ತಿರ ಓಡುತ್ತಿದ್ದಳು.

ಆದರೆ ಪಕ್ಕದ ಮನೆಯ ಪುಟ್ಟಮಾದಮ್ಮನ ಕಣ್ಣು ತಪ್ಪಿಸುವುದುಂಟೆ?

"ಬಸುರಿ ಹೆಂಗ್ಸು ಇರೋ ಮನೇಲಿ ತೊಗಲು ಮೊಟ್ಟೆನಾ? ಚೆನ್ನಾಗಿಲ್ಲ ಚಿಕ್ಕತಾಯಕ್ಕ. ಒಳಗಿರೋದು ನಿಲ್ಲಲ್ಲ ಅಂತ ಹೇಳ್ತಾ ಅದೆ ಆ ಕೋಳಿ. ಭಾನುವಾರ ನಮ್ಮ ಯಜಮಾನ್ರನ್ನ ಕಳಿಸ್ತೀನಿ, ಕುಯ್ದಾಕ್ಲಿ."

ಬಾಗಿಲ ಹಿಂದೆ ಪ್ರಮೀಳಾ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಆ ದಿನದಿಂದ ಅವಳಿಗೆ ತುತ್ತು ಇಳಿಯಲಿಲ್ಲ. ಕೈ ಸದಾ ಹೊಟ್ಟೆಯ ಮೇಲೆ. "ಅವ್ವಾ, ಬೆಳಿಗ್ಗೆಯಿಂದ ಒದ್ದೇ ಇಲ್ಲ ಕಣವ್ವಾ" ಎನ್ನುವಳು. ಮಗು ಒದೆಯುವತನಕ ತಾಯಿ ಮಗಳಿಬ್ಬರೂ ಕಾದು ಕೂತಿರುವರು. ಮಧ್ಯಾಹ್ನಕ್ಕೆ ಅದು ಒಮ್ಮೆ ಮಿಸುಕಿದರೆ ಇಬ್ಬರಿಗೂ ಅಳು.

ಭಾನುವಾರ ಬಂತು. ಚಿಕ್ಕತಾಯಮ್ಮ ಗೆಣಸಿಯ ಕಾಲು ಕಟ್ಟಿ ಅತ್ತೆಯ ಪಕ್ಕ ಮಲಗಿಸಿದಳು. "ಒಸಿ ನೋಡ್ಕಳಿ ಅತ್ತೆ, ನೀರು ಕಾಯಕ್ಕಿಟ್ಟು ಬತ್ತೀನಿ" ಎಂದು ಒಳಗೆ ಹೋದಳು.

ಅಜ್ಜಿಗೆ ಸಂಕಟವಾಯಿತು. ಸಂಕಟವಾದರೂ ಎಲೆ ಅಡಿಕೆ ಬೇಕು. ಚೀಲ ಬಿಚ್ಚಿ ಸುಣ್ಣದ ಡಬ್ಬಿ ತೆಗೆದಿಟ್ಟಳು. ಕಾಲು ಕಟ್ಟಿಸಿಕೊಂಡು ಬಿದ್ದಿದ್ದ ಕೋಳಿ ಕತ್ತು ಚಾಚಿತು. ಮುಚ್ಚಳದ ಅಂಚಿಗೆ ಒಣಗಿ ಅಂಟಿದ್ದ ಸುಣ್ಣವನ್ನು ಕುಕ್ಕತೊಡಗಿತು. ಅಜ್ಜಿ ಡಬ್ಬಿಯನ್ನು ದೂರ ಸರಿಸಿದಳು. ಗೆಣಸಿ ಮೈಯನ್ನು ನೆಲಕ್ಕೆ ಉಜ್ಜಿಕೊಂಡೇ ಅದರ ಹಿಂದೆ ತೆವಳಿತು.

ಅಜ್ಜಿ ತಿರುಗಿ ಕಂಬವನ್ನು ನೋಡಿದಳು. ಕೋಳಿಯ ಕತ್ತಿನ ಎತ್ತರದಲ್ಲಿ, ಹಸಿರು ಪೇಂಟಿನ ಕೆಳಗೆ, ಮರದ ತುಂಬ ಸಣ್ಣ ಸಣ್ಣ ಕುಕ್ಕಿದ ಗುಳಿಗಳು.

"ಚಿಕ್ಕತಾಯೀ! ಒಲೆ ಆರ್ಸು!"

ಸೊಸೆ ಗಾಬರಿಯಿಂದ ಓಡಿಬಂದಳು. ಪ್ರಮೀಳಾಳೂ ಬಂದಳು.

"ನಲವತ್ತು ವರ್ಷ ಒರೆಸಿದೀನಿ. ಅಷ್ಟೂ ಸುಣ್ಣ ಎಲ್ಲೋಯ್ತು ಅಂದ್ಕಂಡೆ? ಕೋಳಿಗಳ ಹೊಟ್ಟೇಗೆ ಕಣವ್ವ! ಸುಣ್ಣ ಸಿಕ್ದೆ ಮೊಟ್ಟೆಗೆ ಚಿಪ್ಪು ಎಲ್ಲಿಂದ ಬಂದಾದು?"

ಅಷ್ಟರಲ್ಲಿ ಪುಟ್ಟಮಾದಮ್ಮನ ಯಜಮಾನ ಕುಡುಗೋಲು ಹಿಡಿದು ಹಿತ್ತಲಿಗೆ ಬಂದ. ಚಿಕ್ಕತಾಯಮ್ಮನಿಗೆ ಏನು ಮಾಡುವುದೆಂದೇ ತೋಚಲಿಲ್ಲ. ಅತ್ತೆಯ ಮಾತು ಸುಳ್ಳಾದರೆ? ಕೋಳಿಯನ್ನು ಉಳಿಸಿ ಮೊಮ್ಮಗುವನ್ನು ಕಳೆದುಕೊಂಡರೆ?

ಕೊನೆಗೆ ಪ್ರಮೀಳಾ ಬಗ್ಗಲಾರದೆ ಬಗ್ಗಿ, ಕೋಳಿಯ ಕಾಲಿನ ಕಟ್ಟು ಬಿಚ್ಚಿದಳು. "ಎಂಟು ದಿನ ನೋಡಾಣ ಕಣವ್ವಾ" ಎಂದಳು. ಕುಡುಗೋಲು ಹಿಡಿದು ಬಂದವನು ಬಂದ ದಾರಿಗೇ ತಿರುಗಿದ.

ಹಸಿ ಸುಣ್ಣ ಕೋಳಿಯ ಬಾಯಿ ಸುಡುತ್ತದೆಂದು ಅಜ್ಜಿ ಅದನ್ನು ಹೆಂಚಿನ ಚೂರಿಗೆ ಸವರಿ, ಚೆನ್ನಾಗಿ ಒಣಗಿಸಿ ಇಟ್ಟಳು. ಎರಡನೇ ದಿನವೂ ತೊಗಲು ಮೊಟ್ಟೆಯೇ. ಚಿಕ್ಕತಾಯಮ್ಮ ಆ ದಿನ ಒಲೆಯ ಮುಂದೆ ಕೂತು ಅತ್ತಳು. ಐದನೇ ದಿನದ ಮೊಟ್ಟೆ ತೆಳ್ಳಗಿತ್ತು, ಆದರೆ ಒಡೆಯಲಿಲ್ಲ.

ಎಂಟನೇ ದಿನ ಬೆಳಿಗ್ಗೆ ಹಿತ್ತಲಿನಿಂದ ಟಕ್ ಟಕ್ ಎಂದು ಸದ್ದು ಬಂತು. ತಾಯಿ ಬಿದ್ದಂಬೀಳ ಓಡಿದಳು. ಪ್ರಮೀಳಾ ಕಂಬದ ಹತ್ತಿರ ನಿಂತು, ಬಿಸಿ ಆರದ ಮೊಟ್ಟೆಯನ್ನು ಕಂಬಕ್ಕೆ ಮೆಲ್ಲಗೆ ತಟ್ಟುತ್ತಿದ್ದಳು.

"ಗಟ್ಟಿ ಅದೆ ಕಣವ್ವಾ" ಎಂದು ನಕ್ಕಳು. ಅಂದು ಎರಡು ಮುದ್ದೆ ಉಂಡಳು.

ಚಿಕ್ಕತಾಯಮ್ಮ ನೆಟ್ಟಗೆ ಅತ್ತೆಯ ಹತ್ತಿರ ಹೋಗಿ ಕೂತಳು. ಅಜ್ಜಿ ಎಲೆಗೆ ಸುಣ್ಣ ಹಚ್ಚಿ, ಬೆರಳನ್ನು ಮುಚ್ಚಳದ ಕಡೆ ಒಯ್ಯುತ್ತಿದ್ದಳು. ಸೊಸೆ ಆ ಕೈಯನ್ನು ಹಿಡಿದುಕೊಂಡು, ತಾನೇ ಹೊಡೆಸಿದ ಹಸಿರು ಪೇಂಟಿನ ಮೇಲೆ ಉದ್ದಕ್ಕೆ ಎಳೆದಳು.

ತಿಂಗಳೊಳಗೆ ಹೆಣ್ಣು ಮಗು ಹುಟ್ಟಿತು, ಗಟ್ಟಿ ದನಿಯದು. ಅದಕ್ಕೂ ಕೋಳಿಗೂ ಏನೂ ಸಂಬಂಧವಿಲ್ಲ. ಮೊದಲೂ ಇರಲಿಲ್ಲ.

ನೀತಿ: ಮನೆಯಲ್ಲಿ ಏನಾದರೂ ಕೆಟ್ಟರೆ ಶಕುನ ಹುಡುಕಬೇಡಿ, ನಿಮ್ಮ ಕೈಯಿಂದ ಏನು ಬದಲಾಯಿತು ಎಂದು ಮೊದಲು ಹುಡುಕಿ. ನೀವು ಕೊಳೆಯೆಂದು ಒರೆಸಿ ಹಾಕಿದ್ದು ಯಾರದೋ ಬಲವಾಗಿದ್ದಿರಬಹುದು.