ಗೌಡರು ಕೂತ ಕುರ್ಚಿ

ಕೆರೆ ಮುಚ್ಚಿದ ಜಾಗದಲ್ಲಿ ಒಂಬತ್ತು ಮಹಡಿ ಎಬ್ಬಿಸಲು ಹೊರಟಿದ್ದರು ಬಿಲ್ಡರ್ ರುದ್ರೇಗೌಡರು. ಮಣ್ಣು ಪರೀಕ್ಷೆಗೆ ಬಂದ ಸೋಮಲಿಂಗನನ್ನು ಗದರಿದರು: "ನೆಲ ಬಂಡೆ ಹಾಗಿದೆ ಅಂತ ಬರಿ. ಇಲ್ಲಾಂದ್ರೆ ನಿನ್ನ ಕೆಲಸ ಹೋಯ್ತು ಅಂದ್ಕೋ."

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುತ್ತಾರೆ ಎಂಬುದು ಸೋಮಲಿಂಗನಿಗೂ ಗೊತ್ತು. ಏಳಲಾಗದ ಹಾಗೆ ಕೂರಿಸಿ ಹೇಳಿದರೆ? ಮಣ್ಣು ಹಸಿಯಾಗಿದ್ದ ಕಡೆ ಪ್ಲಾಸ್ಟಿಕ್ ಕುರ್ಚಿ ಹಾಕಿದ. "ಕೂತು ನಿಧಾನವಾಗಿ ಹೇಳಿ ಸಾರ್, ಬರ್ಕೋತೀನಿ."

ಗೌಡರು ಹೇಳುತ್ತಾ ಹೋದರು, ಕುರ್ಚಿ ಇಳಿಯುತ್ತಾ ಹೋಯಿತು. ಮಂಡಿ ಗದ್ದಕ್ಕೆ ತಾಗಿದಾಗ ಮಾತು ನಿಂತಿತು.

"ನಿಮ್ಮೊಬ್ಬರ ಭಾರಾನೇ ತಡೀಲಿಲ್ಲ ಸಾರ್ ಈ ನೆಲ," ಎಂದ ಸೋಮಲಿಂಗ.

ಒದೆಯೋಣವೆಂದರೆ ಗೌಡರಿಗೆ ಏಳಲಾಗಲಿಲ್ಲ. ನೂರಾರು ಜನ ಮಲಗುವ ಒಂಬತ್ತು ಮಹಡಿ ಕಣ್ಣ ಮುಂದೆ ಬಂತು.

"ಮೊದಲು ಕೈ ಕೊಡಪ್ಪ," ಎಂದರು ಮೆಲ್ಲಗೆ. "ಆಮೇಲೆ ಇದ್ದದ್ದನ್ನ ಇದ್ದ ಹಾಗೇ ಬರಿ."