ಹುಳು ಮನೆಯಲ್ಲಿ ಶಿಲುಬೆ ಹಾದಿ

ಈ ಪ್ರಸಂಗವನ್ನು ನನಗೆ ಮೊದಲು ಹೇಳಿದವರು ನಮ್ಮ ತಾತ ಚೌರಪ್ಪನವರು. ಇದರಲ್ಲಿ ಅವರ ಪಾತ್ರ ಅಷ್ಟೇನೂ ಚೆನ್ನಾಗಿಲ್ಲ. ಆದರೂ ಪ್ರತಿ ವರ್ಷ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ತಾವೇ ಹೇಳುತ್ತಿದ್ದರು. ಅಜ್ಜಿ ನಡುವೆ ಬಾಯಿ ಹಾಕಿ, "ಆ ಭಾಗ ಬಿಟ್ಟು ಹೇಳಿ ಅಂದ್ರೆ" ಅನ್ನುವರು. "ಅದನ್ನ ಬಿಟ್ರೆ ಇದರಲ್ಲಿ ಇನ್ನೇನಿದೆ?" ಎಂದು ತಾತ ಮುಂದುವರಿಸುವರು.

ಕನಕಪುರದ ಆಚೆ ಅರುಳನದೊಡ್ಡಿ ಎಂದು ಊರು. ನಲವತ್ತು ಮನೆ. ಎಲ್ಲರೂ ಕಥೋಲಿಕರು, ಎಲ್ಲರೂ ರೇಷ್ಮೆ ಹುಳು ಸಾಕುವವರು. ಪಾದ್ರಿಗಳಾದ ಗುರುಗಳು ತಿಂಗಳಿಗೆ ಎರಡು ಸಲ ಬಂದು ರೊಟ್ಟಿ-ದ್ರಾಕ್ಷಾರಸದ ಬಲಿಪೂಜೆ ಅರ್ಪಿಸಿ ಹೋಗುತ್ತಿದ್ದರು. ಉಳಿದ ದಿನಗಳಲ್ಲಿ ಊರಿನ ಪ್ರಾರ್ಥನೆಯ ಭಾರವೆಲ್ಲ ಉಪದೇಶಿ ಸಂದ್ಯಾಗಪ್ಪನವರ ಮೇಲೆ. ಆ ಪುಣ್ಯಾತ್ಮರು ಚರ್ಚಿನ ಹಿಂದಿನ ಒಂಟಿ ಕೋಣೆಯಲ್ಲಿ ವಾಸವಾಗಿದ್ದರು. ಹಗಲು ಕೂಲಿಗೆ ಹೋಗಿ ಹಿಪ್ಪುನೇರಳೆ ಸೊಪ್ಪು ಕೊಯ್ಯುವರು, ಸಂಜೆ ಜಪಸರದ ಪ್ರಾರ್ಥನೆ ನಡೆಸುವರು. ಯಾರಾದರೂ ತೀರಿಕೊಂಡರೆ ಗುಂಡಿ ತೋಡುವವರೂ ಅವರೇ, ಅದರ ಪಕ್ಕ ನಿಂತು ಪ್ರಾರ್ಥಿಸುವವರೂ ಅವರೇ. ಉಪದೇಶಿ ಎನ್ನುವುದು ಹೆಸರಿಗೆ ಮಾತ್ರ. ಅವರು ಉಪದೇಶ ಮಾಡಿದ್ದನ್ನು ಕೇಳಿದವರಿಲ್ಲ.

ಆ ಊರಲ್ಲಿ ಯೇಸುಸ್ವಾಮಿ ಶಿಲುಬೆಯಲ್ಲಿ ಮಡಿದ ಶುಭ ಶುಕ್ರವಾರದಂದು ಯಾರೂ ಕೆಲಸ ಮುಟ್ಟುವುದಿಲ್ಲ. ಮೊಳೆ ಹೊಡೆಯುವಂತಿಲ್ಲ, ಕತ್ತಿ ಹಿಡಿಯುವಂತಿಲ್ಲ, ಕಸ ಸಹ ಗುಡಿಸುವಂತಿಲ್ಲ. ಆದರೆ ಹುಳುವಿಗೆ ವಾರ ತಿಥಿ ಯಾವುದು ಗೊತ್ತು? ಮರಿಯಾದ ದಿನದಿಂದ ಸುಮಾರು ಇಪ್ಪತ್ತಾರು ದಿನಕ್ಕೆ ಅದು ಹಣ್ಣಾಗುತ್ತದೆ. ಮೈ ಹಳದಿಗೆ ತಿರುಗಿ, ಸೊಪ್ಪು ಬಿಟ್ಟು, ತಲೆ ಎತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆಗ ಒಂದೊಂದನ್ನೇ ಆರಿಸಿ ಚಂದ್ರಿಕೆಗೆ, ಅಂದರೆ ಬಿದಿರಿನ ಸುರುಳಿ ತಟ್ಟಿಗೆ, ಬಿಡಬೇಕು. ಅರ್ಧ ದಿನ ತಡವಾದರೆ ಕಸದಲ್ಲೇ ನೂಲು ಸುತ್ತಿ ಹಾಳಾಗುತ್ತದೆ. ಹಾಗಾಗಿ ಊರವರು ಆ ಶುಕ್ರವಾರ ಕಳೆದು ಬರುವ ಪಾಸ್ಕ ಹಬ್ಬ, ಅಂದರೆ ಈಸ್ಟರ್, ಯಾವತ್ತು ಬರುತ್ತದೆಂದು ನೋಡಿ, ಹಿಂದಕ್ಕೆ ಎಣಿಸಿ, ಆಮೇಲೆ ಹುಳುವಿನ ಮೊಟ್ಟೆ ತರುತ್ತಿದ್ದರು.

ತಾತನ ತಮ್ಮ ರಾಯಪ್ಪ ಈ ಪ್ರಸಂಗ ನಡೆದದ್ದರ ಹಿಂದಿನ ವರ್ಷ ತೀರಿಕೊಂಡಿದ್ದರು. ಅವರ ಹೆಂಡತಿ ಆರೋಗ್ಯಮ್ಮ. ಮಕ್ಕಳಿರಲಿಲ್ಲ. ಒಂಟಿ ಹೆಂಗಸು ಹುಳು ಸಾಕುವುದುಂಟೇ ಎಂದು ತಾತ ಪಂಚಾಯಿತಿಯ ಮುಂದೆಯೇ ಹೇಳಿದ್ದರು: "ಒಂದು ಬೆಳೆ ತೆಗೆದು ತೋರಿಸು, ಈ ಮನೆ ನಿಂದೇ. ಆಗಲಿಲ್ಲ ಅಂದ್ರೆ ತವರಿಗೆ ಹೋಗಮ್ಮ, ಹುಳು ಮನೆ ನಾವು ನೋಡ್ಕೋತೀವಿ."

ಆಕೆ ಒಪ್ಪಿದರು. ಮೊಟ್ಟೆ ತಂದರು. ದಿನ ಎಣಿಸುವುದು ಯಾವಾಗಲೂ ಗಂಡನ ಕೆಲಸವಾಗಿತ್ತು, ಅದೊಂದು ಅವರಿಗೆ ತಿಳಿದಿರಲಿಲ್ಲ. ಪವಿತ್ರ ಗುರುವಾರ ಸಂಜೆ ತಾತನ ಬಾಗಿಲಿಗೆ ಬಂದು ನಿಂತರು.

"ಬಾವ, ನಾಳೆ ಬೆಳಗ್ಗೆಗೆ ಹಣ್ಣಾಗ್ತವೆ. ಒಂದೆರಡು ಕೈ ಬೇಕಾಗಿತ್ತು."

"ನಾಳೆ ಯಾವ ದಿನ ಅಂತ ಗೊತ್ತೇನಮ್ಮ ನಿನಗೆ?"

"ಗೊತ್ತು. ಹುಳಕ್ಕೆ ಗೊತ್ತಿಲ್ವಲ್ಲ."

"ಊರಿಗೆಲ್ಲ ಪಾಪ ಅಂಟಿಸಬೇಡ. ನಡಿ."

ತಾತ ಚರ್ಚಿನ ಯಜಮಾನರು. ಅವರ ಮನೆಯಲ್ಲಿ ಇಲ್ಲ ಅಂದಮೇಲೆ ಉಳಿದ ಮನೆಗಳಲ್ಲಿ ಹೌದು ಅನ್ನುವವರು ಯಾರು?

ಶುಕ್ರವಾರ ಬೆಳಗ್ಗೆ ಒಂಬತ್ತಕ್ಕೆ ಶಿಲುಬೆ ಹಾದಿ. ಯೇಸುಸ್ವಾಮಿ ಶಿಲುಬೆ ಹೊತ್ತು ನಡೆದ ದಾರಿಯ ಹದಿನಾಲ್ಕು ಸ್ಥಳಗಳಲ್ಲಿ ನಿಂತು, ಮೊಣಕಾಲೂರಿ ಪ್ರಾರ್ಥಿಸುವ ಭಕ್ತಿ ಅದು. ಅಂದು ಗಂಟೆ ಬಾರಿಸುವುದಿಲ್ಲ, ಉಪದೇಶಿಗಳೇ ಮರದ ಹಲಗೆ ಬಡಿದು ಜನರನ್ನು ಕರೆಯಬೇಕು. ಊರೆಲ್ಲ ಉಪವಾಸದಲ್ಲಿ ಚರ್ಚಿನ ಮುಂದೆ ಸೇರಿತು. ಒಂಬತ್ತಾಯಿತು, ಒಂಬತ್ತೂವರೆಯಾಯಿತು. ಹಲಗೆಯ ಸದ್ದಿಲ್ಲ. ಕೋಣೆಗೆ ಬೀಗವೂ ಇಲ್ಲ, ಒಳಗೆ ಮನುಷ್ಯರೂ ಇಲ್ಲ. ಹುಡುಕಲು ಹೊರಟವರು ತಾತ.

ಆರೋಗ್ಯಮ್ಮನ ಹುಳು ಮನೆಯ ಹೊಸ್ತಿಲ ಹೊರಗೆ ಉಪದೇಶಿಗಳ ಹಳೆ ಚಪ್ಪಲಿ ಕಂಡಿತು.

ಒಳಗೆ ಸಂದ್ಯಾಗಪ್ಪನವರು ಮಂಡಿಯೂರಿ ಕುಳಿತು ಹಣ್ಣಾದ ಹುಳುಗಳನ್ನು ಆರಿಸುತ್ತಿದ್ದರು. ಎದುರಿಗೆ ಆರೋಗ್ಯಮ್ಮ. ಗೋಡೆಗೆ ಹದಿನಾಲ್ಕು ಚಂದ್ರಿಕೆ ಒರಗಿಸಿದ್ದರು. (ಹದಿನಾಲ್ಕೇ ಇದ್ದವೋ, ಹೇಳುತ್ತ ಹೇಳುತ್ತ ತಾತ ಹದಿನಾಲ್ಕು ಮಾಡಿದರೋ, ನಾನು ಕೆದಕಿ ಕೇಳಿಲ್ಲ.) ಒಂದು ಚಂದ್ರಿಕೆ ತುಂಬಿದರೆ ಒಂದು ಸ್ಥಳದ ಪ್ರಾರ್ಥನೆ. ನಾಲ್ಕು ತುಂಬಿದ್ದವು. ತಟ್ಟೆಗಳಲ್ಲಿ ಇನ್ನೂ ಸಾವಿರಾರು ಹುಳುಗಳು ತಲೆ ಆಡಿಸುತ್ತಿದ್ದವು. ಎರಡು ಜೊತೆ ಕೈಗೆ ಆಗುವ ಕೆಲಸವಾಗಿರಲಿಲ್ಲ ಅದು.

ತಾತ ಹೊಸ್ತಿಲಲ್ಲೇ ನಿಂತು ಕೇಳಿದರು: "ಏನು ಉಪದೇಶಿಗಳೇ, ಊರೆಲ್ಲ ಅಲ್ಲಿ ಕಾಯ್ತಾ ನಿಂತದೆ. ನೀವಿಲ್ಲಿ ಹುಳ ಆರಿಸ್ತಾ ಕೂತಿದ್ದೀರಾ? ಇವತ್ತು ಕೆಲಸ ಮಾಡೋದು ಪಾಪ ಅಂತ ನಿಮಗೆ ಗೊತ್ತಿಲ್ವಾ?"

ಉಪದೇಶಿಗಳು ತಲೆ ಎತ್ತಿದರು. ಮುಖದಲ್ಲಿ ಕೋಪವಿರಲಿಲ್ಲ, ದಣಿವಿತ್ತು.

"ಐದನೇ ಸ್ಥಳಕ್ಕೆ ಬಂದು ನಿಂತುಬಿಟ್ಟಿದ್ದೀವಿ ಚೌರಪ್ಪ. ಸೀಮೋನ ಇನ್ನೂ ಬಂದಿಲ್ಲ."

ಅಷ್ಟೇ. ಮತ್ತೆ ತಲೆ ತಗ್ಗಿಸಿ ಹುಳು ಆರಿಸತೊಡಗಿದರು.

ಐದನೆಯ ಸ್ಥಳದಲ್ಲಿ ಸ್ವಾಮಿಗೆ ಶಿಲುಬೆ ಹೊರಲು ಹೆಗಲು ಕೊಡುವವನು ಸೀಮೋನ. ಹೊಲದಿಂದ ಮನೆಗೆ ಹೊರಟಿದ್ದ ದಾರಿಹೋಕ. ತಾತ ಆ ಪ್ರಾರ್ಥನೆಯನ್ನು ಬಾಲ್ಯದಿಂದ ಬಾಯಿಪಾಠ ಹೇಳಿದವರು. ಅಂದು ಅವರ ಕಾಲು ಅಲ್ಲಿಂದ ಹಿಂದಕ್ಕೂ ಹೋಗಲಿಲ್ಲ, ಮುಂದಕ್ಕೂ ಬರಲಿಲ್ಲ. "ಎಷ್ಟು ಹೊತ್ತು ನಿಂತಿದ್ರಿ ತಾತ?" ಅಂದರೆ, "ಒಂದು ಚಂದ್ರಿಕೆ ತುಂಬೋಷ್ಟು ಹೊತ್ತು" ಅನ್ನುತ್ತಿದ್ದರು.

ಕೊನೆಗೆ ಚಪ್ಪಲಿ ಬಿಟ್ಟರು. ಕೈ ತೊಳೆದರು. ಒಳಗೆ ಬಂದು ಮಂಡಿಯೂರಿದರು.

ಆರೋಗ್ಯಮ್ಮ ತಲೆ ಎತ್ತದೆ ಹೇಳಿದರು: "ಅವರಿದ್ದಿದ್ರೆ ದಿನ ಎಣಿಸಿರೋರು ಬಾವ. ನನಗೆ ತಿಳೀಲಿಲ್ಲ."

ತಾತನ ಅಂಗೈಯಲ್ಲಿ ಒಂದು ಹುಳು ತಲೆ ಎತ್ತಿ ಜಾಗ ಹುಡುಕುತ್ತಿತ್ತು. ಅದನ್ನೇ ನೋಡುತ್ತ ಅವರು ಬಾಯಿ ಬಿಟ್ಟರು: "ನನಗೆ ತಿಳಿದಿತ್ತು ಕಣಮ್ಮ. ನೀನು ಮೊಟ್ಟೆ ತಂದ ದಿನವೇ ಎಣಿಸಿದ್ದೆ. ಶುಕ್ರವಾರಕ್ಕೆ ಬಂದು ಕೂರುತ್ತೆ ಅಂತ ಗೊತ್ತಿತ್ತು. ಬೇಕಂತಲೇ ಹೇಳಲಿಲ್ಲ."

ಅಜ್ಜಿ ಬಿಟ್ಟು ಹೇಳಿ ಅನ್ನುತ್ತಿದ್ದ ಭಾಗ ಇದೇ.

ಆರೋಗ್ಯಮ್ಮ ಕೈಯಲ್ಲಿದ್ದ ಹುಳುವನ್ನು ಚಂದ್ರಿಕೆಗೆ ಬಿಟ್ಟು ಅಂದರು: "ಆ ದೊಡ್ಡ ತಟ್ಟೆ ಈ ಕಡೆ ಸರಿಸಿ ಬಾವ. ಅವು ಮೊದಲು ಹಣ್ಣಾಗಿದ್ದು."

ಉಪದೇಶಿಗಳು ತುಂಬಿದ ಚಂದ್ರಿಕೆಯನ್ನು ಗೋಡೆಗೆ ಒರಗಿಸಿ ಶಿಲುಬೆ ಗುರುತು ಹಾಕಿಕೊಂಡು, "ಆರನೆಯ ಸ್ಥಳ" ಎಂದರು.

ಹುಡುಕಲು ಹೋದವರನ್ನು ಹುಡುಕಿಕೊಂಡು ಊರವರು ಒಬ್ಬೊಬ್ಬರಾಗಿ ಬಂದರು. ಹುಳುಗಳಿಗೆ ರೋಗ ತಗಲುತ್ತದೆಂದು ಹೊರಗಿನವರು ಹಿಂಡುಹಿಂಡಾಗಿ ಹುಳು ಮನೆಗೆ ನುಗ್ಗುವಂತಿಲ್ಲ. ಕೈ ತೊಳೆದ ನಾಲ್ಕು ಹೆಂಗಸರು ಒಳಗೆ ಬಂದರು, ಉಳಿದವರು ಅಂಗಳದ ಬಿಸಿಲಲ್ಲೇ ಮೊಣಕಾಲೂರಿದರು. ಒಳಗಿನಿಂದ ಸಂದ್ಯಾಗಪ್ಪನವರ ದನಿ, ಹೊರಗಿನಿಂದ ಊರಿನ ಉತ್ತರ. ಹದಿನಾಲ್ಕನೆಯ ಸ್ಥಳದಲ್ಲಿ ಸ್ವಾಮಿಯನ್ನು ಸಮಾಧಿಯಲ್ಲಿ ಇಡುವ ಹೊತ್ತಿಗೆ ತಟ್ಟೆಗಳಲ್ಲಿ ಒಂದು ಹುಳುವೂ ಉಳಿದಿರಲಿಲ್ಲ.

ಪಾಸ್ಕ ಹಬ್ಬದ ಬೆಳಗ್ಗೆ ಹದಿನಾಲ್ಕೂ ಚಂದ್ರಿಕೆಗಳಲ್ಲಿ ಗೂಡು ತುಂಬಿತ್ತು. ಹುಳು ಮನೆ ಆರೋಗ್ಯಮ್ಮನದೇ ಆಗಿ ಉಳಿಯಿತು. ಮುಂದಿನ ವರ್ಷದಿಂದ ತಾತ ತಾವು ಮೊಟ್ಟೆ ತರುವ ಮೊದಲು ಆರೋಗ್ಯಮ್ಮನ ಬಾಗಿಲಿಗೆ ಹೋಗಿ, "ಈ ಸಲ ಇಂಥ ದಿನ ತಾರಮ್ಮ" ಎಂದು ಹೇಳಿ ಬರುತ್ತಿದ್ದರು. ಆಕೆಗೆ ಆ ಲೆಕ್ಕ ತಾತನಿಗಿಂತ ಚೆನ್ನಾಗಿ ಬಂದ ಮೇಲೂ ಹೋಗುವುದನ್ನು ನಿಲ್ಲಿಸಲಿಲ್ಲ.

ಸಂದ್ಯಾಗಪ್ಪನವರು ಇಂದು ಅರುಳನದೊಡ್ಡಿಯ ಮಣ್ಣಿನಲ್ಲಿ ವಿಶ್ರಮಿಸುತ್ತಿದ್ದಾರೆ. ಅವರಿಗೆ ಗುಂಡಿ ತೋಡಿದವರು ನಮ್ಮ ತಾತ. ಈ ಪ್ರಸಂಗವನ್ನು ನೀವೂ ನಿಮ್ಮವರಿಗೆ ಹೇಳಿ. ಹೇಳುವಾಗ ಚೌರಪ್ಪನ ಹೆಸರನ್ನಾಗಲಿ, ಅವರು ಮಾಡಿದ್ದನ್ನಾಗಲಿ ಮರೆಸಬೇಡಿ, ಅದು ಅವರದೇ ಅಪ್ಪಣೆ. ಹೇಳಿ ಮುಗಿಸಿದ ಮೇಲೆ, ಈ ಶುಕ್ರವಾರ ಯಾರ ಮನೆಯಲ್ಲಿ ಕೈ ಸಾಲದೆ ಕಾಯುತ್ತಿದ್ದಾರೆಂದು ಒಮ್ಮೆ ವಿಚಾರಿಸಿಕೊಂಡು ಚರ್ಚಿಗೆ ಹೊರಡಿ.