ಸೂಜಪ್ಪನ ಸೀಟಿಗೆ ಹಲಸಿನ ಮೇಣ

ಒಂದು ಕಾಡಿನಲ್ಲಿ ಐದು ಸೈಕಲ್ಲುಗಳಿದ್ದವು. ಹಾಂ, ಮುಖ ಸಿಂಡರಿಸಬೇಡಿ. ನರಿ ಮಾತಾಡಿತು ಎಂದರೆ ಬಾಯಿ ಬಿಟ್ಟುಕೊಂಡು ಕೇಳುತ್ತೀರಿ, ಸೈಕಲ್ ಹೊಡೆಯಿತು ಎಂದರೆ ಮಾತ್ರ ನಂಬುವುದಿಲ್ಲವೇ? ನಂಬಿದರೆ ಕತೆ ಮುಂದಕ್ಕೆ ಹೋಗುತ್ತದೆ. ಇಲ್ಲದಿದ್ದರೆ ನಾನು ಎದ್ದು ಹೋಗುತ್ತೇನೆ.

ನಂಬಿದಿರಾ? ಸರಿ, ಕೇಳಿ.

ಆ ಐದು ಸೈಕಲ್ಲುಗಳು ಮೊಲ, ಕಡವೆ, ಕಾಡುಹಂದಿ, ನರಿ ಮತ್ತು ಮುಳ್ಳುಹಂದಿಯ ಬಳಿ ಇದ್ದವು. ಪ್ರತಿ ವರ್ಷ ಮುಂಗಾರಿನ ಮೊದಲ ಮಳೆ ಬಿದ್ದು ನೆಲ ಚೆನ್ನಾಗಿ ಕೆಸರಾದ ಮೇಲೆ ಅಲ್ಲಿ ಕೆಸರು ಪಂದ್ಯ ನಡೆಯುತ್ತಿತ್ತು. ಒಣ ನೆಲದಲ್ಲಿ ಯಾರು ಬೇಕಾದರೂ ಸೈಕಲ್ ಹೊಡೆಯುತ್ತಾರೆ, ಅದರಲ್ಲೇನಿದೆ ಎನ್ನುವವರು ಆ ಕಾಡಿನವರು. ಆಲದ ಮರದ ಕೆಳಗಿನ ಗೆರೆಯಿಂದ ಹೊರಟು, ಕೆಸರಿನ ಬಯಲು ಹಾದು, ಹಳ್ಳಕ್ಕೆ ಬರಬೇಕು. ಬೇಕಾದವರು ಅಲ್ಲಿ ಚಕ್ರ ತೊಳೆದುಕೊಳ್ಳಬಹುದು. ಹಳ್ಳದಾಚೆ ದಾರಿಗೆ ಅಡ್ಡಲಾಗಿ ಒಂದು ದಪ್ಪ ದಿಮ್ಮಿ ಬಿದ್ದಿತ್ತು. ಅಲ್ಲಿ ಎಂಥವನೂ ಇಳಿಯಲೇಬೇಕು. ಸೈಕಲ್ಲನ್ನು ಹೆಗಲಿಗೇರಿಸಿ ದಿಮ್ಮಿ ದಾಟಬೇಕು, ದಿಬ್ಬ ಹತ್ತಬೇಕು, ಮತ್ತೆ ಆಲದ ಮರಕ್ಕೆ ಬರಬೇಕು. ಹೀಗೆ ಮೂರು ಸುತ್ತು.

ತೀರ್ಪು ಹೇಳುವವಳು ಆನೆ ದೊಡ್ಡಮ್ಮ. ಪಂದ್ಯಕ್ಕೆ ಮೊದಲು ಅವಳು ಪ್ರತಿ ವರ್ಷ ಅದದೇ ಮಾತು ಹೇಳುತ್ತಿದ್ದಳು.

"ಸವಾರ, ಅವನ ಸೈಕಲ್ಲು, ಎರಡೂ ಒಟ್ಟಿಗೆ ಗೆರೆ ದಾಟಬೇಕು. ತುಳಿದುಕೊಂಡು ಬನ್ನಿ, ತಳ್ಳಿಕೊಂಡು ಬನ್ನಿ, ಹೊತ್ತುಕೊಂಡು ಬನ್ನಿ, ನಾನು ಕೇಳಲ್ಲ. ಸೈಕಲ್ಲನ್ನ ದಾರೀಲಿ ಬಿಟ್ಟು ಬಂದರೆ ಅವತ್ತಿಗೇ ಅದು ನಿಮ್ಮದಲ್ಲ. ಮೂರು ವರ್ಷ ಸತತ ಕೊನೆಯವರಾದರೂ ಅಷ್ಟೇ. ನಿಮಗಿಂತ ಒಂದೇ ಹೆಜ್ಜೆ ಮುಂದೆ ಬಂದವನಿಗೆ ಸೈಕಲ್ ಕೊಟ್ಟು ಕೈ ಮುಗಿಯಬೇಕು."

ಈ ಮಾತು ಕೇಳಿದಾಗಲೆಲ್ಲ ಮುಳ್ಳುಹಂದಿ ಸೂಜಪ್ಪನ ಎದೆ ಧಸಕ್ಕೆನ್ನುತ್ತಿತ್ತು. ಅವನು ಎರಡು ವರ್ಷ ಸತತ ಕೊನೆಯವನಾಗಿದ್ದ!

ಪಾಪ, ಅವನು ಸೋಮಾರಿ ಅಲ್ಲ. ಮೊದಲ ವರ್ಷ ದಿಮ್ಮಿಯ ಹತ್ತಿರ ಸೈಕಲ್ಲನ್ನು ಹೆಗಲಿಗೇರಿಸಿದ, ಅವನ ಮುಳ್ಳೇ ಅವನ ಟೈರಿಗೆ ಚುಚ್ಚಿತು. ಬುಸ್ಸ್! ಎರಡನೇ ವರ್ಷ ಎರಡು ಟೈರೂ ಬುಸ್ಸ್! ಕಾಡೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಸೀಟಿನ ಮೇಲೆ ಕೂತರೂ ಮುಳ್ಳು ಚುಚ್ಚಿ ಸೀಟು ಹರಿಯುತ್ತಿತ್ತು. ಹಾಗಾಗಿ ಅವನು ಕೂರುತ್ತಲೇ ಇರಲಿಲ್ಲ. ಹೊರಟಲ್ಲಿಂದ ಮುಟ್ಟುವ ತನಕ ನಿಂತೇ ಪೆಡಲ್ ತುಳಿಯುತ್ತಿದ್ದ. ಸೀಟು ಬರೀ ಶೋಕಿಗೆ.

ಆದರೆ ಆ ಸೈಕಲ್ ಎಂದರೆ ಅವನಿಗೆ ಪ್ರಾಣ. ಬೆಳಗೆದ್ದು ಅದನ್ನು ಒರೆಸುತ್ತಿದ್ದ. ಚೈನಿಗೆ ಬಿಡಲು ಹೊಂಗೆ ಎಣ್ಣೆಯ ಪುಟ್ಟ ಬಾಟಲಿಯೊಂದನ್ನು ಯಾವಾಗಲೂ ಹ್ಯಾಂಡಲ್ಲಿಗೆ ನೇತುಹಾಕಿರುತ್ತಿದ್ದ. ಈ ಸಲ ಪಂಕ್ಚರ್ ಆಗಬಾರದೆಂದು ಒಂದು ಗೋಣಿಚೀಲ ಹುಡುಕಿ ತಂದ. ಅದನ್ನು ನಾಲ್ಕು ಮಡಿಕೆ ಮಾಡಿ ಹೆಗಲ ಮೇಲೆ ಹಾಕಿಕೊಂಡು, ಅದರ ಮೇಲೆ ಸೈಕಲ್ ಎತ್ತುವುದನ್ನು ತಿಂಗಳುಗಟ್ಟಲೆ ಅಭ್ಯಾಸ ಮಾಡಿದ. ಎತ್ತಿದ, ಬಿದ್ದ, ಮತ್ತೆ ಎತ್ತಿದ.

ಇದನ್ನೆಲ್ಲ ಪೊದೆಯ ಮರೆಯಿಂದ ನೋಡುತ್ತಿದ್ದವನು ನರಿ ಜಂಬಯ್ಯ. ಅವನ ಸೈಕಲ್ಲು ಎಣ್ಣೆ ಕಂಡು ಎಷ್ಟು ಕಾಲವಾಗಿತ್ತೋ! ಕಿರ್ರ್ ಕಿರ್ರ್ ಎಂದು ಅಳುತ್ತಿತ್ತು. ಎರಡು ವರ್ಷವೂ ಅವನು ನಾಲ್ಕನೆಯವನು, ಅಂದರೆ ಸೂಜಪ್ಪನಿಗಿಂತ ಒಂದೇ ಹೆಜ್ಜೆ ಮುಂದೆ. ಈ ಸಲವೂ ಹಾಗೇ ಆದರೆ ಆ ಹೊಳೆಯುವ ಸೈಕಲ್ ತನ್ನದೇ ಎಂದು ಬಾಯಲ್ಲಿ ನೀರೂರಿಸಿಕೊಂಡು ಕೂತಿದ್ದ. ಆದರೆ ಸೂಜಪ್ಪ ದಿನದಿಂದ ದಿನಕ್ಕೆ ಜೋರಾಗುತ್ತಿದ್ದನಲ್ಲ!

ಪಂದ್ಯದ ಬೆಳಿಗ್ಗೆ ಜಂಬಯ್ಯ ಹಲಸಿನ ಕಾಯೊಂದನ್ನು ಗೀರಿ ಎಲೆಯ ತುಂಬ ಮೇಣ ಹಿಡಿದು ತಂದ. ಎಲ್ಲರೂ ದೊಡ್ಡಮ್ಮನ ಮಾತು ಕೇಳುತ್ತ ನಿಂತಿದ್ದಾಗ, ಮೆಲ್ಲಗೆ ಹಿಂದೆ ಸರಿದು ಸೂಜಪ್ಪನ ಸೀಟಿಗೆ ಅದನ್ನು ಚೆನ್ನಾಗಿ ಮೆತ್ತಿದ.

"ಕೂತವನು ದಿಮ್ಮಿ ಬಂದಾಗ ಇಳೀಲಿ ನೋಡೋಣ!" ಎಂದು ತನ್ನಲ್ಲೇ ನಕ್ಕ.

ಸೂಜಪ್ಪ ಕೂರುವುದೇ ಇಲ್ಲ ಎಂಬುದು ಅವನಿಗೆ ಗೊತ್ತಿರಲಿಲ್ಲವೇ ಎಂದು ಕೇಳುತ್ತೀರಿ. ಹೇಗೆ ಗೊತ್ತಿರುತ್ತದೆ? ಪೊದೆಯ ಮರೆಯಿಂದ ಅವನು ಕಂಡದ್ದು ಬರೀ ಸೈಕಲ್ ಎತ್ತುವುದು, ಬೀಳುವುದು. ಪಂದ್ಯದಲ್ಲಿ ಯಾವಾಗಲೂ ಅವನು ಮುಂದೆ, ಸೂಜಪ್ಪ ಹಿಂದೆ. ಹಿಂದೆ ಬರುವವರ ಕಡೆ ತಿರುಗಿ ನೋಡುವ ಜಾಯಮಾನ ಅವನದಲ್ಲ.

ದೊಡ್ಡಮ್ಮ ಸೊಂಡಿಲೆತ್ತಿ ಘೀಳಿಟ್ಟಳು. ಪಂದ್ಯ ಶುರುವಾಯಿತು! ಮೊಲ, ಕಡವೆ, ಕಾಡುಹಂದಿ ಕೆಸರು ಚಿಮ್ಮಿಸಿಕೊಂಡು ಮುಂದೆ ಹೋದವು. ಜಂಬಯ್ಯ ಅವರ ಹಿಂದೆ. ಸೂಜಪ್ಪ ಎಲ್ಲರಿಗಿಂತ ಹಿಂದೆ. ದಿಮ್ಮಿ ದಾಟಿದ್ದೇ ತಡ, ಜಂಬಯ್ಯ ಒಂದು ಪೊದೆಯ ಹಿಂದೆ ಸೈಕಲ್ ನಿಲ್ಲಿಸಿದ. ಅವನಿಗೆ ತಮಾಷೆ ನೋಡಬೇಕಿತ್ತು. ಅರಚಾಟ, ಒದ್ದಾಟ, ದಬಕ್ಕನೆ ಬೀಳುವುದು, ಎಲ್ಲ.

ಸೂಜಪ್ಪ ಬಂದ. ಚಂಗನೆ ಇಳಿದ. ಸೈಕಲ್ಲನ್ನು ಹೆಗಲಿಗೇರಿಸಿದ. ದಿಮ್ಮಿ ದಾಟಿದ. ಹೋಗಿಯೇ ಬಿಟ್ಟ!

ಜಂಬಯ್ಯ ಕಣ್ಣುಜ್ಜಿಕೊಂಡ. "ಅರೆ! ಹಳ್ಳದ ನೀರಿಗೆ ಮೇಣ ತೊಳೆದು ಹೋಯ್ತೋ ಏನೋ" ಎಂದುಕೊಂಡ.

ನೋಡಿ, ಹಲಸು ಕದ್ದು ತಿನ್ನುವವನಿಗೂ ಹಲಸು ಬಿಡಿಸುವವನಿಗೂ ಇರುವ ವ್ಯತ್ಯಾಸ ಇದು. ನಿಮ್ಮಮ್ಮ ಹಲಸಿನ ಹಣ್ಣು ಹೆಚ್ಚುವ ಮೊದಲು ಕೈಗೂ ಕತ್ತಿಗೂ ಏನು ಸವರಿಕೊಳ್ಳುತ್ತಾಳೆ? ಎಣ್ಣೆ. ಯಾಕೆ? ಹಳ್ಳವಲ್ಲ, ಸಮುದ್ರದ ನೀರು ಸುರಿದರೂ ಆ ಮೇಣ ಹೋಗುವುದಿಲ್ಲ. ಬೇರೆಯವರು ಬಿಡಿಸಿಟ್ಟ ತೊಳೆ ಎಗರಿಸಿಯೇ ಬೆಳೆದ ಜಂಬಯ್ಯನಿಗೆ ಇದು ತಿಳಿದಿರಲಿಲ್ಲ.

ಜಂಬಯ್ಯ ತಮಾಷೆ ನೋಡಲು ಕೂತ ಹೊತ್ತಿನಲ್ಲಿ ಅವನ ಚೈನಿನ ಕೆಸರು ಗಟ್ಟಿಯಾಗಿತ್ತು. ಕಿರ್ರ್ ಎನ್ನುತ್ತಿದ್ದ ಸೈಕಲ್ ಈಗ ಕಟಕಟ ಎಂದಿತು. ಎರಡನೇ ಸುತ್ತು ಹೇಗೋ ಮುಗಿಸಿದ. ಮೂರನೇ ಸುತ್ತಿನಲ್ಲಿ ಹಳ್ಳದ ಹತ್ತಿರ ಚಕ್ರ ಪೂರಾ ಕಚ್ಚಿಕೊಂಡಿತು. ಒದ್ದ, ಬೈದ, ಅಲ್ಲಾಡಲಿಲ್ಲ. ಮೊಲ, ಕಡವೆ, ಕಾಡುಹಂದಿ ಆಗಲೇ ಗೆರೆ ಮುಟ್ಟಿ ಸುಸ್ತಾಗಿ ಕೂತಿದ್ದವು. ಇನ್ನು ದಾರಿಯಲ್ಲಿ ಉಳಿದವರು ಇಬ್ಬರೇ.

ಸೂಜಪ್ಪ ಅಲ್ಲೇ ಇದ್ದ. ಚಕ್ರ ತೊಳೆದು ಸೈಕಲ್ಲನ್ನು ದಡದಲ್ಲಿ ನಿಲ್ಲಿಸಿದ್ದ. ಅಷ್ಟರಲ್ಲಿ ಅವನ ಗೋಣಿಚೀಲ ನೀರಿಗೆ ಬಿದ್ದು ತೇಲಿ ಹೋಗುತ್ತಿತ್ತು. "ಅಯ್ಯೋ ನನ್ನ ಚೀಲ!" ಎಂದು ಅದರ ಹಿಂದೆ ಓಡಿದ.

ಜಂಬಯ್ಯ ಆಚೆ ನೋಡಿದ, ಈಚೆ ನೋಡಿದ. ಸೂಜಪ್ಪನ ಸೈಕಲ್ ಹತ್ತಿ ಗಟ್ಟಿಯಾಗಿ ಕೂತ. ಹೊರಟ!

"ಏಯ್ ಜಂಬಣ್ಣ! ಅದು ನನ್ನ ಸೈಕಲ್ಲು ಕಣೋ!" ಸೂಜಪ್ಪ ಕೂಗಿದ.

"ಕೆಸರಲ್ಲಿ ಎಲ್ಲಾ ಒಂದೇ ಥರ ಕಾಣ್ತವಪ್ಪಾ! ನೀನು ನನ್ನದು ತಗೊಂಡು ಬಾ!" ಎಂದು ಜಂಬಯ್ಯ ಹಲ್ಲು ಕಿಸಿದ.

ಸೂಜಪ್ಪನಿಗೆ ಅಳು ಬಂತು. ತನ್ನ ಸೈಕಲ್ ಇಲ್ಲದೆ ಗೆರೆ ದಾಟಿದರೆ ಲೆಕ್ಕಕ್ಕಿಲ್ಲ. ದಾಟದಿದ್ದರೆ ಕೊನೆಯವನು. ಎರಡೂ ಕಡೆಯಿಂದ ಸೈಕಲ್ ಹೋಯಿತು. ಚೀಲ ಹಾಳಾಗಿ ಹೋಗಲಿ ಎಂದು ಬಿಟ್ಟು, ಕಣ್ಣೊರೆಸಿಕೊಂಡು ಕೆಸರಿನಲ್ಲಿ ಓಡತೊಡಗಿದ.

ಅತ್ತ ದಿಮ್ಮಿ ಬಂತು. ಜಂಬಯ್ಯ ಇಳಿಯಲು ಕಾಲೆತ್ತಿದ. ಕಾಲು ಬಂತು, ಹಿಂಭಾಗ ಬರಲಿಲ್ಲ! ಎಳೆದ. ಇನ್ನೂ ಎಳೆದ. ಸೈಕಲ್ ದಿಮ್ಮಿಗೆ ಢಬ್ ಎಂದು ಬಡಿದು, ಸವಾರ ಸಮೇತ ಕೆಸರಿನಲ್ಲಿ ಅಡ್ಡಬಿತ್ತು. ಸೂಜಪ್ಪ ಏದುಸಿರು ಬಿಡುತ್ತ ಬಂದಾಗ ಚಕ್ರ ಇನ್ನೂ ತಿರುಗುತ್ತಿತ್ತು.

"ಇಳಿಯೋ ಕೆಳಗೆ!"

"ಇಳಿಯೋಕಾಗಿದ್ರೆ ಇಷ್ಟೊತ್ತಿಗೆ ಇಳೀತಿರಲಿಲ್ವೇನಯ್ಯಾ! ಈ ಹಾಳು ಮೇಣ ನೀರಿಗೆ ಹೋಗುತ್ತೆ ಅಂದ್ಕೊಂಡಿದ್ದೆ!"

"ಮೇಣವೇ? ನನ್ನ ಸೀಟಿಗೆ ಮೇಣ ಎಲ್ಲಿಂದ ಬಂತು?"

ಜಂಬಯ್ಯ ಬಾಯಿ ಮುಚ್ಚಿಕೊಂಡ. ಆದರೆ ಆಡಿ ಆಗಿತ್ತಲ್ಲ! ಸೂಜಪ್ಪನಿಗೆ ಎಲ್ಲ ಅರ್ಥವಾಯಿತು. ಸಿಟ್ಟಿನಿಂದ ಮೈಮೇಲಿನ ಮುಳ್ಳೆಲ್ಲ ಎದ್ದು ನಿಂತವು. ಬೈಯಬಹುದಿತ್ತು, ಆದರೆ ಮುಂದೆ ಇನ್ನೂ ದಿಬ್ಬ ಇತ್ತು. ಹಾಗಾಗಿ ಅವನು ಬಗ್ಗಿದ, ಉಸಿರು ಬಿಗಿ ಹಿಡಿದ, ಸೈಕಲ್ಲನ್ನು ಹೆಗಲಿಗೇರಿಸಿದ. ನರಿ ಸಮೇತ!

"ಅಯ್ಯೋ! ಅಮ್ಮಾ! ಚುಚ್ಚುತ್ತೆ ಕಣೋ!"

"ಚೀಲ ತೇಲಿ ಹೋಯ್ತಲ್ಲ ಜಂಬಣ್ಣ, ಏನು ಮಾಡ್ಲಿ? ಸ್ವಲ್ಪ ಸುಧಾರಿಸಿಕೋ."

ದಿಮ್ಮಿ ದಾಟುವಾಗ ಒಂದು ಟೈರ್ ಬುಸ್ಸ್ ಎಂದಿತು. ದಿಬ್ಬದಲ್ಲಿ ಇನ್ನೊಂದು ಬುಸ್ಸ್ ಎಂದಿತು. ಸೂಜಪ್ಪ ಎರಡು ಸಲ ಮುಗ್ಗರಿಸಿದ, ಎರಡು ಸಲವೂ ಎದ್ದ. ಹೆಜ್ಜೆಗೊಂದು "ಅಯ್ಯೋ" ಹಾಕಿಸುತ್ತ ಆಲದ ಮರದ ಗೆರೆ ದಾಟಿ ಧೊಪ್ಪನೆ ಕುಸಿದ.

ಜಂಬಯ್ಯ ಕೆಳಗೆ ಬಿದ್ದಲ್ಲಿಂದಲೇ ಮೂತಿ ಎತ್ತಿದ. ಅಷ್ಟಾದರೂ ಬುದ್ಧಿ ಬಂದಿರಲಿಲ್ಲ ನೋಡಿ! "ದೊಡ್ಡಮ್ಮಾ, ಗೆರೆ ಮೊದಲು ದಾಟಿದ್ದು ನನ್ನ ಮೂಗು. ನಾನು ನಾಲ್ಕನೆಯವನು, ಇವನು ಕೊನೆಯವನು. ಸೈಕಲ್ ನನಗೆ!"

ದೊಡ್ಡಮ್ಮ ಕಿವಿ ಬೀಸಿದಳು. "ನಿನ್ನ ಸೈಕಲ್ಲೆಲ್ಲಿ ಮಗಾ?"

"ಅದು... ಹಳ್ಳದ ಹತ್ತಿರ..."

"ಹಾಗಾದರೆ ನೀನು ಸವಾರನಾಗಿ ಬಂದಿಲ್ಲ, ಸಾಮಾನಾಗಿ ಬಂದಿದ್ದೀಯ. ಸೂಜಪ್ಪ ತನ್ನ ಸೈಕಲ್ ತಂದ, ಜೊತೆಗೆ ಒಂದಷ್ಟು ಲಗೇಜೂ ತಂದ. ಸೂಜಪ್ಪ ನಾಲ್ಕನೆಯವನು. ನೀನು ದಾರೀಲಿ ಬಿಟ್ಟು ಬಂದ ಸೈಕಲ್ಲು ಇನ್ನು ಮುಂದೆ ಅವನದೇ."

ಕಾಡೆಲ್ಲ ಹೋ ಎಂದು ಕೂಗಿತು. ಐವರಲ್ಲಿ ನಾಲ್ಕನೆಯವನಾಗಿ ಸೂಜಪ್ಪ ಕುಣಿದಂತೆ, ಗೆದ್ದ ಮೊಲ ಕೂಡ ಕುಣಿದಿರಲಿಲ್ಲ.

ಕುಣಿದು ಸಾಕಾದ ಮೇಲೆ ಅವನು ಹ್ಯಾಂಡಲ್ಲಿನಿಂದ ಹೊಂಗೆ ಎಣ್ಣೆಯ ಬಾಟಲಿ ಬಿಚ್ಚಿ, ಜಂಬಯ್ಯನ ಸುತ್ತ ಸೀಟಿಗೆ ಸುರಿದ.

"ಮೇಣ ಬಿಡೋದು ಎಣ್ಣೆಗೆ ಜಂಬಣ್ಣ. ದಾರಿಯುದ್ದಕ್ಕೂ ನಿನ್ನ ಮೂಗಿನ ಮುಂದೆಯೇ ತೂಗಾಡ್ತಿತ್ತಲ್ಲೋ!"

ಜಂಬಯ್ಯ ಕೊನೆಗೂ ಬಿಡಿಸಿಕೊಂಡು ಎದ್ದ. ಆದರೆ ಹಿಂಭಾಗದ ಕೂದಲೆಲ್ಲ ಸೀಟಿನಲ್ಲೇ ಉಳಿಯಿತು. ಬಾಲದಿಂದ ಅದನ್ನು ಮುಚ್ಚಿಕೊಂಡು ಅವನು ಕಾಡಿನೊಳಕ್ಕೆ ಓಡಿದ. ಮತ್ತೆ ಕೂದಲು ಬೆಳೆಯುವ ತನಕ ಯಾರ ಮುಂದೆಯೂ ಬೆನ್ನು ತಿರುಗಿಸಿ ನಿಲ್ಲಲಿಲ್ಲವಂತೆ. ಸೂಜಪ್ಪನಿಗೆ ಮಾತ್ರ ಆ ಕೂದಲಿನಿಂದ ಉಪಕಾರವೇ ಆಯಿತು. ಸೀಟು ಮೆತ್ತಗಾಗಿತ್ತು, ನೋಡಲೂ ಚೆಂದ. ಕೂರುವುದಂತೂ ಇಲ್ಲ ಬಿಡಿ.

ನೀತಿ: ಇನ್ನೊಬ್ಬರನ್ನು ಕೆಡವಲು ಮಾಡಿದ ಮೋಸ ಮಾಡಿದವರಿಗೇ ಅಂಟಿಕೊಳ್ಳುತ್ತದೆ, ಎಷ್ಟು ಸಲ ಸೋತರೂ ತನ್ನ ಭಾರ ತಾನೇ ಹೊತ್ತು ನಡೆಯುವವನು ಕೊನೆಗೆ ಗೆರೆ ಮುಟ್ಟುತ್ತಾನೆ.